ಒಂದು ಗಡಿಯಾರದಿಂದ ಊರಿಗೆಲ್ಲಾ ಟೈಮ್: ಬಡ ರೈತನ ಮಗ ಅಲೆಕ್ಸಾಂಡರ್ ಬೇನ್ ಕಥೆ

ನಮ್ಮ ಪೇಟೆ ಬೀದಿಯಲ್ಲಿ ಹತ್ತು ಅಂಗಡಿ ಹತ್ತಿ ಗೋಡೆ ಗಡಿಯಾರ ನೋಡಿ. ಒಂದರಲ್ಲಿ ಹನ್ನೊಂದು ಹೊಡೆದಿರುತ್ತೆ, ಪಕ್ಕದ ಅಂಗಡಿಯಲ್ಲಿ ಇನ್ನೂ ಐದು ನಿಮಿಷ ಬಾಕಿ. ಕೆಲವರಂತೂ ಬೇಕಂತಲೇ ಹತ್ತು ನಿಮಿಷ ಮುಂದಿಟ್ಟಿರ್ತಾರೆ. ಆದರೆ ಎಲ್ಲರ ಮೊಬೈಲ್‌ನಲ್ಲೂ ಟೈಮ್ ಒಂದೇ. ಯಾಕಂದ್ರೆ ಮೊಬೈಲ್ ತನ್ನ ಪಾಡಿಗೆ ತಾನು ಸೆಕೆಂಡ್ ಎಣಿಸುತ್ತಾ ಕೂರಲ್ಲ, ನೆಟ್‌ವರ್ಕ್‌ನಿಂದ ಬರೋ ಸಿಗ್ನಲ್ ನೋಡಿ ಆಗಾಗ ತಿದ್ದಿಕೊಳ್ಳುತ್ತೆ. ಒಂದು ಒಳ್ಳೆ ಗಡಿಯಾರ ಇದ್ದರೆ ಸಾಕು, ತಂತಿ ಎಳೆದು ಬೇರೆ ಗಡಿಯಾರಗಳಿಗೂ ಅದರದ್ದೇ ಟೈಮ್ ಕೊಡಬಹುದು ಅಂತ 1840ರ ದಶಕದಲ್ಲೇ ಮಾಡಿ ತೋರಿಸಿದ ಮೊದಲಿಗರಲ್ಲಿ ಒಬ್ಬ ಈ ಬೇನ್.

ಹುಟ್ಟಿದ್ದು 1810ರಲ್ಲಿ, ಸ್ಕಾಟ್ಲೆಂಡಿನ ಉತ್ತರದ ತುದಿಯಲ್ಲಿರುವ ಕೇತ್‌ನೆಸ್ ಸೀಮೆಯ ವಾಟನ್ ಅನ್ನೋ ಹಳ್ಳಿ ಹತ್ತಿರ. ಅಪ್ಪ ತುಂಡು ಜಮೀನಿನ ಗೇಣಿ ರೈತ. ಮನೆ ತುಂಬಾ ಮಕ್ಕಳು. ಸ್ಕೂಲಲ್ಲಿ ಹುಡುಗ ದಡ್ಡರ ಸಾಲಿನಲ್ಲಿದ್ದ, ಕುರಿ ಕಾಯುವ ಕೆಲಸವೂ ಸರಿಯಾಗಿ ಬರ್ತಿರಲಿಲ್ಲವಂತೆ. ಕೊನೆಗೆ ವಿಕ್ ಎಂಬ ಪೇಟೆಯ ಗಡಿಯಾರ ರಿಪೇರಿಯವನ ಹತ್ತಿರ ಕೆಲಸ ಕಲಿಯೋಕೆ ಬಿಟ್ಟರು.

1830ರ ಚಳಿಗಾಲದಲ್ಲಿ ಥರ್ಸೋ ಊರಲ್ಲಿ ಬೆಳಕು, ಶಾಖ, ವಿದ್ಯುತ್ ಬಗ್ಗೆ ಒಂದು ಭಾಷಣ ಇತ್ತು. ಬೇನ್ ಆ ಚಳಿಯಲ್ಲಿ ನಡೆದುಕೊಂಡೇ ಹೋಗಿ ಕೇಳಿ ಬಂದ. ಅವತ್ತಿನಿಂದ ತಲೆಯಲ್ಲಿ ಕರೆಂಟ್ ಬಿಟ್ಟರೆ ಬೇರೇನೂ ಇಲ್ಲ. 1837ರಲ್ಲಿ ಲಂಡನ್‌ಗೆ ಹೋಗಿ, ಗಡಿಯಾರ ಕೆಲಸಗಾರರೇ ತುಂಬಿದ್ದ ಕ್ಲರ್ಕನ್‌ವೆಲ್ ಬಡಾವಣೆಯಲ್ಲಿ ಕೂಲಿಗೆ ಸೇರಿದ. ಹಗಲು ಕೆಲಸ, ಸಂಜೆ ವಿಜ್ಞಾನದ ಭಾಷಣ.

ಅವನ ಗಡಿಯಾರದ ಉಪಾಯ ಸರಳ. ಮಾಮೂಲಿ ಲೋಲಕದ ಗಡಿಯಾರಕ್ಕೆ ಕೀಲಿ ಕೊಡಬೇಕು, ಇಲ್ಲಾ ತೂಕ ಎಳೆದು ಕಟ್ಟಬೇಕು. ಬೇನ್ ಲೋಲಕದ ಗುಂಡಿಗೇ ತಾಮ್ರದ ತಂತಿ ಸುತ್ತಿ, ಅದು ಅಯಸ್ಕಾಂತದ ಮೇಲೆ ಆಡುವಂತೆ ಮಾಡಿದ. ಲೋಲಕ ಅತ್ತಿತ್ತ ಹೋಗುವಾಗ ತಾನೇ ಸ್ವಿಚ್ ಹಾಕಿ ತೆಗೆದಂತೆ ಕರೆಂಟ್ ಹರಿಯುತ್ತೆ, ನಿಲ್ಲುತ್ತೆ. ಹರಿದಾಗೆಲ್ಲ ಲೋಲಕಕ್ಕೆ ಒಂದು ಸಣ್ಣ ತಳ್ಳು. ಕೀಲಿಯ ಮಾತೇ ಇಲ್ಲ. ಕರೆಂಟ್ ಎಲ್ಲಿಂದ? ಒದ್ದೆ ಮಣ್ಣಿನಲ್ಲಿ ಸತುವಿನ ಹಲಗೆ ಒಂದು, ತಾಮ್ರದ್ದೊಂದು ಹೂತರೆ ಮುಗೀತು. ಸ್ಕೂಲಲ್ಲಿ ನಿಂಬೆಹಣ್ಣಿಗೆ ಮೊಳೆ ಚುಚ್ಚಿ ಮಾಡಿಸ್ತಾರಲ್ಲ, ಅದೇ ಲೆಕ್ಕ. ಇನ್ನೂ ಮುಖ್ಯ ವಿಷಯ ಏನಂದ್ರೆ, ಅದೇ ತಂತಿಯನ್ನು ಬೇರೆ ಗಡಿಯಾರಗಳಿಗೆ ಎಳೆದರೆ ಮುಖ್ಯ ಲೋಲಕ ಒಂದು ಸಲ ಆಡಿದಾಗೆಲ್ಲ ಅವುಗಳ ಮುಳ್ಳೂ ಒಂದು ಹೆಜ್ಜೆ ಹಾಕುತ್ತೆ.

1840ರಲ್ಲಿ ಬೇನ್ ತನ್ನ ಮಾದರಿಗಳನ್ನು ಚಾರ್ಲ್ಸ್ ವೀಟ್‌ಸ್ಟನ್‌ಗೆ ತೋರಿಸಿದ. ವೀಟ್‌ಸ್ಟನ್ ಅಂದ್ರೆ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರೊಫೆಸರ್, ಟೆಲಿಗ್ರಾಫ್‌ನಲ್ಲಿ ದೊಡ್ಡ ಹೆಸರು. ಇದರ ಮೇಲೆ ಇನ್ನು ಕೆಲಸ ಮಾಡೋದು ದಂಡ ಅಂತ ಪ್ರೊಫೆಸರ್ ಸಾಹೇಬರು ಬುದ್ಧಿ ಹೇಳಿ ಕಳಿಸಿದರು ಅನ್ನೋದು ಬೇನ್ ಕಡೆಯ ಮಾತು. ಕೆಲವೇ ತಿಂಗಳಲ್ಲಿ, ಅದೇ ವರ್ಷದ ನವೆಂಬರ್‌ನಲ್ಲಿ, ವೀಟ್‌ಸ್ಟನ್ ರಾಯಲ್ ಸೊಸೈಟಿಯಲ್ಲಿ ತಮ್ಮದೇ ಅಂತ ವಿದ್ಯುತ್ ಗಡಿಯಾರ ತೋರಿಸಿದರು!

ಆದರೆ ಹಳ್ಳಿ ಹುಡುಗ ಅಷ್ಟು ಪೆದ್ದ ಅಲ್ಲ. ಅಷ್ಟರಲ್ಲಾಗಲೇ ಪೇಟೆಂಟ್‌ಗೆ ಅರ್ಜಿ ಹಾಕಿಬಿಟ್ಟಿದ್ದ. 1841ರ ಜನವರಿಯಲ್ಲಿ ಗಡಿಯಾರದ ವ್ಯಾಪಾರಿ ಜಾನ್ ಬಾರ್‌ವೈಸ್ ಜೊತೆ ಪೇಟೆಂಟ್ ಕೈಗೆ ಬಂತು. ಅದನ್ನು ತಡೆಯೋಕೆ ವೀಟ್‌ಸ್ಟನ್ ಮಾಡಿದ ಪ್ರಯತ್ನ ನಡೆಯಲಿಲ್ಲ. 1846ರಲ್ಲಿ ವೀಟ್‌ಸ್ಟನ್ ಪೇಟೆಂಟ್‌ಗಳ ಮೇಲೆ ನಿಂತಿದ್ದ ಟೆಲಿಗ್ರಾಫ್ ಕಂಪನಿಯ ಮಸೂದೆ ಪಾರ್ಲಿಮೆಂಟಿಗೆ ಬಂದಾಗ, ಹೌಸ್ ಆಫ್ ಲಾರ್ಡ್ಸ್ ಬೇನ್‌ನನ್ನು ಕರೆಸಿ ಅವನ ಹೇಳಿಕೆ ಕೇಳಿತು. ಕೊನೆಗೆ ಕಂಪನಿ ಸಾವಿರಾರು ಪೌಂಡ್ ಕೊಟ್ಟು ಅವನ ಜೊತೆ ರಾಜಿ ಆಗಬೇಕಾಯ್ತು.

ಅದೇ 1846ರಲ್ಲಿ ರೈಲ್ವೆ ಪಕ್ಕದ ಟೆಲಿಗ್ರಾಫ್ ತಂತಿ ಬಳಸಿ, ಎಡಿನ್‌ಬರೋದ ಲೋಲಕದಿಂದ 46 ಮೈಲಿ ದೂರದ ಗ್ಲಾಸ್ಗೋದ ಗಡಿಯಾರ ನಡೆಸಿ ತೋರಿಸಿದ. ಹೆಚ್ಚುಕಡಿಮೆ ಬೆಂಗಳೂರಲ್ಲಿ ಲೋಲಕ, ತುಮಕೂರಲ್ಲಿ ಮುಳ್ಳು ಅಂದಂಗೆ. ಸೂರ್ಯನ ಲೆಕ್ಕದಲ್ಲಿ ಆ ಎರಡು ಊರಿಗೆ ಸುಮಾರು ನಾಲ್ಕು ನಿಮಿಷ ವ್ಯತ್ಯಾಸ. ರೈಲು ಹೊಸದಾಗಿ ಬಂದ ಕಾಲ ಅದು, ನಾಲ್ಕು ನಿಮಿಷ ಅಂದ್ರೆ ಗಾಡಿ ತಪ್ಪಿದ ಹಾಗೇ.

ಬೇನ್ ಗಡಿಯಾರಗಳು ತೀರಾ ಕರಾರುವಾಕ್ ಆಗಿದ್ದವು ಅನ್ನೋಕಾಗಲ್ಲ. ಮಣ್ಣಿನ ಬ್ಯಾಟರಿ ಕರೆಂಟ್ ಒಂದೇ ಸಮ ಇರಲ್ಲ, ಸ್ವಿಚ್ಚೂ ಕೈಕೊಡ್ತಿತ್ತು. ಅದನ್ನು ಬೇರೆಯವರು ಸರಿಮಾಡಿದರು. 1852ರಲ್ಲಿ ಗ್ರೀನಿಚ್ ವೀಕ್ಷಣಾಲಯದಲ್ಲಿ ಚಾರ್ಲ್ಸ್ ಶೆಫರ್ಡ್ ಮಾಡಿದ ಗಡಿಯಾರ ಟೆಲಿಗ್ರಾಫ್ ಮೂಲಕ ಟೈಮ್ ಕಳಿಸೋಕೆ ಶುರುಮಾಡಿತು. 1921ರಲ್ಲಿ ಎಡಿನ್‌ಬರೋ ವೀಕ್ಷಣಾಲಯದಲ್ಲೇ ಕೂತ ಶಾರ್ಟ್ ಗಡಿಯಾರದಲ್ಲಿ ಯಜಮಾನ ಲೋಲಕ ಒಂದು, ಅದರ ಮಾತು ಕೇಳೋ ಆಳು ಗಡಿಯಾರ ಇನ್ನೊಂದು. ವರ್ಷಕ್ಕೆ ವ್ಯತ್ಯಾಸ ಸುಮಾರು ಒಂದೇ ಸೆಕೆಂಡ್.

ಬೇನ್ ಇಷ್ಟಕ್ಕೇ ನಿಲ್ಲಲಿಲ್ಲ. ಎರಡು ಊರಲ್ಲಿ ಒಂದೇ ತಾಳಕ್ಕೆ ಆಡೋ ಲೋಲಕ ಇದ್ದರೆ ಚಿತ್ರವನ್ನೂ ತಂತಿಯಲ್ಲಿ ಕಳಿಸಬಹುದು ಅಂತ 1843ರಲ್ಲೇ ಪೇಟೆಂಟ್ ಮಾಡಿಸಿದ. ನಮ್ಮ ಫ್ಯಾಕ್ಸ್ ಮೆಷಿನ್‌ನ ಮುತ್ತಜ್ಜ ಅದು. ಕಾಗದದ ಮೇಲೆ ರಾಸಾಯನಿಕದಿಂದ ಗುರುತು ಬೀಳೋ ವೇಗದ ಟೆಲಿಗ್ರಾಫ್ ಕೂಡ ಮಾಡಿದ. ಅದೇ ಮುಳುವಾಯ್ತು. ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಮೋರ್ಸ್ ಕಡೆಯವರ ಜೊತೆ ಪೇಟೆಂಟ್ ಜಗಳ ಹತ್ತಿಕೊಂಡು, ಬಂದ ದುಡ್ಡೆಲ್ಲ ಕೋರ್ಟು ಕಚೇರಿಗೆ ಸೋರಿಹೋಯ್ತು. ಮೊದಲನೇ ಜಗಳ ಗೆದ್ದವನು ಎರಡನೇದರಲ್ಲಿ ಹಣ್ಣಾದ.

ವಯಸ್ಸಾದ ಮೇಲೆ ಸ್ಕಾಟ್ಲೆಂಡಿಗೆ ವಾಪಸ್ ಬಂದಾಗ ಕೈ ಖಾಲಿ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ ಮತ್ತಿತರರು ಮನವಿ ಮಾಡಿ, 1873ರಲ್ಲಿ ಸರ್ಕಾರದಿಂದ ವರ್ಷಕ್ಕೆ 80 ಪೌಂಡ್ ಪಿಂಚಣಿ ಕೊಡಿಸಿದರು. 1877ರ ಜನವರಿ 2ರಂದು ಗ್ಲಾಸ್ಗೋ ಹತ್ತಿರದ ಕರ್ಕಿನ್‌ಟಿಲಾಕ್‌ನಲ್ಲಿ, ವಾಸಿಯಾಗದ ರೋಗಿಗಳ ಆಶ್ರಮವೊಂದರಲ್ಲಿ ತೀರಿಕೊಂಡ. ಸಮಾಧಿಯೂ ಅದೇ ಊರಲ್ಲಿದೆ.

2016ರಲ್ಲಿ ಅಮೆರಿಕದ ಟಿವಿ ಲೋಕದವರು, ಚಿತ್ರ ಕಳಿಸುವ ಆ ಹಳೇ ಉಪಾಯಕ್ಕಾಗಿ ಬೇನ್‌ಗೆ ಮರಣೋತ್ತರವಾಗಿ ಎಮ್ಮಿ ಪ್ರಶಸ್ತಿ ಕೊಟ್ಟರು. ಅವನು ಗಡಿಯಾರ ಕೆಲಸ ಕಲಿತ ವಿಕ್ ಪೇಟೆಯಲ್ಲಿ ಒಂದು ಪಬ್‌ಗೆ ಅವನ ಹೆಸರೇ ಇಟ್ಟಿದ್ದಾರೆ.