ಬೈಬಲ್ ಪಂಡಿತ ಸಂತ ಜೆರೋಮರು

ಪವಿತ್ರ ಬೈಬಲನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಳ್ಳುವ ನಾವು, ಅದು ಯಾರ ಪರಿಶ್ರಮದಿಂದ ನಮ್ಮ ಕೈಸೇರಿತೆಂದು ವಿಚಾರಿಸುವುದು ವಿರಳ. ಆ ಪರಿಶ್ರಮದ ದೊಡ್ಡ ಪಾಲು ಸಂತ ಜೆರೋಮರದು.

ಸುಮಾರು 347ರಲ್ಲಿ, ದಾಲ್ಮೇಷಿಯದ ಗಡಿಯಲ್ಲಿದ್ದ ಸ್ತ್ರಿದೋನ್ ಎಂಬ ಊರಿನ ಕ್ರೈಸ್ತ ಕುಟುಂಬದಲ್ಲಿ ಅವರು ಜನಿಸಿದರು. ರೋಮಾಪುರಿಯಲ್ಲಿ ವೈಯಾಕರಣಿ ದೊನಾತಸರ ಶಿಷ್ಯರಾದರು. ಸಿಸೆರೋವಿನ ಲಲಿತ ಗದ್ಯವನ್ನು ಸವಿದ ನಾಲಿಗೆಗೆ ಪ್ರವಾದಿಗಳ ಲತೀನು ಭಾಷಾಂತರ ಒರಟಾಗಿ ತೋರಿತು. ಅಂತಿಯೋಕ್ಯದಲ್ಲಿ ಜ್ವರದಿಂದ ಮಲಗಿದ್ದಾಗ, ತಾವು ಕ್ರಿಸ್ತನ ಶಿಷ್ಯರಲ್ಲ, ಸಿಸೆರೋವಿನ ಶಿಷ್ಯರೆಂದು ದೈವನ್ಯಾಯಾಸನದ ಮುಂದೆ ಆಪಾದಿತರಾದಂತೆ ಕನಸು ಕಂಡರು. ಬಳಿಕ ಕಾಲ್ಕಿಸ್ ಮರುಭೂಮಿಗೆ ತೆರಳಿ, ಕ್ರೈಸ್ತನಾಗಿದ್ದ ಯೆಹೂದ್ಯನೊಬ್ಬನಿಂದ ಹೀಬ್ರೂ ಕಲಿಯತೊಡಗಿದರು. ಕಲಿಕೆ ಸುಲಭವಾಗಿರಲಿಲ್ಲ, ಬೇಸತ್ತು ಬಿಟ್ಟು, ಮತ್ತೆ ಹಿಡಿದು, ಅಂತೂ ಕಲಿತರು.

382ರಲ್ಲಿ ರೋಮಿಗೆ ಬಂದ ಅವರಿಗೆ ಜಗದ್ಗುರು ದಾಮಾಸಸ್ ಶುಭಸಂದೇಶಗಳ ಲತೀನು ಪಾಠವನ್ನು ತಿದ್ದುವ ಹೊಣೆಯಿತ್ತರು. ಪ್ರತಿಯಿಂದ ಪ್ರತಿಗೆ ಪಾಠ ಬೇರೆಯಾಗಿತ್ತು. ಹಳೆಯ ಗ್ರೀಕ್ ಪ್ರತಿಗಳೊಡನೆ ಹೋಲಿಸಿ ತಿದ್ದಿದಾಗ, ದೇವರ ವಾಕ್ಯವನ್ನೇ ತಿದ್ದುವನೆಂದು ಜನ ದೂಷಿಸಿದರು. ಜೆರೋಮರ ಮರುನುಡಿಯೂ ಮೃದುವಾಗಿರಲಿಲ್ಲ; ಸಂತರಲ್ಲಿ ಇಷ್ಟು ಮುಂಗೋಪಿಗಳು ಹೆಚ್ಚಿಲ್ಲ! 384ರಲ್ಲಿ ದಾಮಾಸಸ್ ಗತಿಸಿದರು; ಮರುವರ್ಷ ಜೆರೋಮರು ರೋಮನ್ನು ತೊರೆದರು.

386ರಲ್ಲಿ ಬೆತ್ಲೆಹೇಮಿನಲ್ಲಿ ನೆಲೆಸಿದರು. ರೋಮಿನ ಕುಲೀನ ವಿಧವೆ ಸಂತ ಪೌಲಾ ತನ್ನ ಐಶ್ವರ್ಯದಿಂದ ಅಲ್ಲಿ ಮಠಗಳನ್ನು ಕಟ್ಟಿಸಿದಳು; ಸ್ವತಃ ಹೀಬ್ರೂ ಕಲಿತಳು. ಅಲ್ಲಿ ಜೆರೋಮರು ಹಳೆಯ ಒಡಂಬಡಿಕೆಯನ್ನು ಗ್ರೀಕ್ ಭಾಷಾಂತರದಿಂದಲ್ಲದೆ ಹೀಬ್ರೂ ಮೂಲದಿಂದಲೇ ಲತೀನಿಗೆ ತಂದರು. ಸುಮಾರು 405ರವರೆಗೂ ಈ ಕಾರ್ಯ ನಡೆಯಿತು.

ಸಂತ ಅಗಸ್ತೀನರಿಗೂ ಇದು ಹಿಡಿಸಲಿಲ್ಲ. ಉತ್ತರ ಆಫ್ರಿಕದ ಓಯಾ ಪಟ್ಟಣದ ದೇವಾಲಯದಲ್ಲಿ ನಡೆದುದನ್ನು ಅವರು ಜೆರೋಮರಿಗೆ ಬರೆದು ತಿಳಿಸಿದರು. ಯೋನನಿಗೆ ನೆರಳಿತ್ತ ಗಿಡ ಹಳೆಯ ಪಾಠದಲ್ಲಿ ಸೋರೆಬಳ್ಳಿ. ಜೆರೋಮರಲ್ಲಿ ಐವಿ ಬಳ್ಳಿ. ಹೊಸ ಪದ ಕಿವಿಗೆ ಬಿದ್ದದ್ದೇ ತಡ, ಸಭೆ ಗದ್ದಲವೆದ್ದಿತು. ಧರ್ಮಾಧ್ಯಕ್ಷರಿಗೆ ತಮ್ಮ ಜನರನ್ನೇ ಕಳೆದುಕೊಳ್ಳುವ ಭೀತಿಯುಂಟಾಯಿತು. ಆ ಜನರ ಮೇಲೆ ನನಗೆ ಕೋಪ ಬಾರದು. ಒಂದು ಗಿಡದ ಹೆಸರು ಬದಲಾದುದನ್ನು ಗುರುತಿಸುವಷ್ಟು ಗಮನವಿಟ್ಟು ವಾಚನವನ್ನು ಆಲಿಸಿದವರು ಅವರು! ವಾಕ್ಯ ಕೆಡಬಾರದೆಂಬ ಕಳವಳ ಅವರದು. ಮೂಲದಲ್ಲಿ ಏನಿದೆಯೋ ಅದೇ ಜನರಿಗೆ ದೊರೆಯಬೇಕೆಂಬ ಹಟ ಜೆರೋಮರದು. ಇಂತಹ ಎರಡು ಕಾವಲುಗಳ ನಡುವೆ ಸಾಗಿಬಂದ ಗ್ರಂಥವನ್ನು ನಾವು ನಂಬುವುದು ಕುರುಡು ನಂಬಿಕೆಯಲ್ಲ.

ಪಂಡಿತರ ಮಾತೇ ಕೊನೆಯದೆಂದೂ ಅಲ್ಲ. ಹೀಬ್ರೂ ಸಂಗ್ರಹದಲ್ಲಿಲ್ಲದ ಗ್ರಂಥಗಳ ವಿಷಯದಲ್ಲಿ ಜೆರೋಮರಿಗೆ ಅನುಮಾನವಿತ್ತು. ಆದರೂ ಇಬ್ಬರು ಧರ್ಮಾಧ್ಯಕ್ಷರ ಕೋರಿಕೆಗೆ ಮಣಿದು ತೋಬಿತನ ಗ್ರಂಥವನ್ನು ಒಂದೇ ದಿನದಲ್ಲಿ ಭಾಷಾಂತರಿಸಿದರು. ಧರ್ಮಸಭೆ ಆ ಗ್ರಂಥಗಳನ್ನು ಕೈಬಿಡಲಿಲ್ಲ. 1546ರಲ್ಲಿ ತ್ರೆಂತ್ ಮಹಾಸಭೆ ಅವುಗಳನ್ನು ಪವಿತ್ರ ಗ್ರಂಥಗಳೆಂದು ಘೋಷಿಸಿತು. ಅದೇ ಸಭೆ, ಬಹುಪಾಲು ಜೆರೋಮರ ಕೃತಿಯಾದ ವಲ್ಗೇಟ್ ಬೈಬಲನ್ನು ಅಧಿಕೃತವೆಂದು ಸಾರಿತು.

404ರಲ್ಲಿ ಪೌಲಾ ತೀರಿಕೊಂಡಳು. 410ರಲ್ಲಿ ರೋಮ್ ಸೂರೆಯಾಗಿ ನಿರಾಶ್ರಿತರು ಬೆತ್ಲೆಹೇಮಿಗೆ ಬಂದಾಗ, ಜೆರೋಮರು ಯೆಹೆಜ್ಕೇಲನ ವ್ಯಾಖ್ಯಾನವನ್ನು ಬದಿಗಿಟ್ಟು ಅವರ ಆರೈಕೆಗೆ ನಿಂತರು. 416ರಲ್ಲಿ ದುಷ್ಕರ್ಮಿಗಳು ಮಠಗಳಿಗೆ ಬೆಂಕಿಯಿಟ್ಟರು. ದೃಷ್ಟಿ ಮಂದವಾದರೂ ಬರೆಸುತ್ತಲೇ ಇದ್ದ ಜೆರೋಮರು 420ರ ಸೆಪ್ಟೆಂಬರ್ 30ರಂದು ದೈವಾಧೀನರಾದರೆಂಬುದು ಸಂಪ್ರದಾಯ. ಆಗ ಯೆರೆಮೀಯನ ಗ್ರಂಥದ ವ್ಯಾಖ್ಯಾನ ಇನ್ನೂ ಮುಗಿದಿರಲಿಲ್ಲ.