ಚಾಂದೋರಿನ ದೊಡ್ಡ ಮನೆ ಮತ್ತು ಲೂಯಿಸ್ ದ ಮೆನೆಜಿಸ್ ಬ್ರಗಾಂಜಾ

ಹುಬ್ಬಳ್ಳಿ, ಲೋಂಡಾ ಕಡೆಯಿಂದ ವಾಸ್ಕೋಗೆ ರೈಲಿನಲ್ಲಿ ಬರುವವರಿಗೆ ಸಾವರ್ಡೆ ದಾಟಿದ ಮೇಲೆ, ಮಡಗಾಂವಕ್ಕಿಂತ ಮೊದಲು, ಚಂದರ್ ಗೋವಾ ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ಅಲ್ಲಿ ಇಳಿಯುವವರು ಕಡಿಮೆ. ಆದರೆ ಕನ್ನಡಿಗರು ಒಮ್ಮೆಯಾದರೂ ಇಳಿಯಬೇಕಾದ ಊರು ಅದು. ಇಂದಿನ ಚಾಂದೋರ್ ಅಂದಿನ ಚಂದ್ರಪುರ. ಗೋವಾ ಕದಂಬರು ಇಲ್ಲಿಂದ ಆಳಿದರು. 11ನೇ ಶತಮಾನದ ನಡುಭಾಗದಲ್ಲಿ ರಾಜಧಾನಿಯನ್ನು ಜುವಾರಿ ದಡದ ಗೋಪಕಪಟ್ಟಣಕ್ಕೆ ಒಯ್ದರು. ಬೆಳಗಾವಿ ಜಿಲ್ಲೆಯ ಹಲಸಿ ಅವರ ಇನ್ನೊಂದು ರಾಜಧಾನಿ. ಕನ್ನಡದಲ್ಲಿ ಶಾಸನ ಬರೆಸಿದ ಆ ಮನೆತನದ ಹೆಸರನ್ನು ಗೋವಾ ಸರ್ಕಾರದ ಬಸ್ಸುಗಳು ಇಂದಿಗೂ ಹೊತ್ತು ಓಡುತ್ತಿವೆ.

ಅದೇ ಚಾಂದೋರಿನಲ್ಲಿ, ಇಗರ್ಜಿಯ ಮುಂದಿನ ಬಯಲಿಗೆ ಮುಖಮಾಡಿ, ಬೀದಿಯುದ್ದಕ್ಕೂ ಚಾಚಿಕೊಂಡ ಎರಡು ಅಂತಸ್ತಿನ ಮನೆಯೊಂದಿದೆ. ಸಾಲು ಸಾಲು ಎತ್ತರದ ಕಿಟಕಿ, ಒಂದೊಂದಕ್ಕೂ ಪುಟ್ಟ ಕಟಾಂಜನ. ಗೋವಾದ ಹಳೆಯ ಮನೆಗಳ ಪೈಕಿ ಇಷ್ಟು ದೊಡ್ಡದು ಬೇರೆ ಸಿಗುವುದು ಕಷ್ಟ. ಈ ಮನೆಯ ಪಶ್ಚಿಮ ಭಾಗದಲ್ಲಿ ಬಾಳಿದವರು ಲೂಯಿಸ್ ದ ಮೆನೆಜಿಸ್ ಬ್ರಗಾಂಜಾ. ಪಣಜಿಯ ಸಾಹಿತ್ಯ ಕಾರ್ಯಕ್ರಮಗಳಿಗೆ ಹೋಗುವ ಸದಸ್ಯರು ಅವರ ಹೆಸರನ್ನು ಸಂಸ್ಥೆಯ ಫಲಕದ ಮೇಲೆ ಎಷ್ಟೋ ಬಾರಿ ಓದಿರುತ್ತಾರೆ. ಆ ಮನುಷ್ಯ ಯಾರು ಎಂಬುದನ್ನು ಈ ಸಂಚಿಕೆಯಲ್ಲಿ ನೋಡೋಣ.

ಮೊದಲು ಮನೆಯ ಒಳಗೆ ಹೋಗೋಣ. ಹೊರಗೋಡೆ ನಮ್ಮ ಕರಾವಳಿಯ ಚಿರೆಕಲ್ಲಿನದು. ಒಳಗೆ ಹೋದರೆ ಯುರೋಪಿನ ಅರಮನೆಯ ನಾಟ್ಯಶಾಲೆಗೆ ಬಂದಂತೆ ಅನಿಸುತ್ತದೆ. ಅಮೃತಶಿಲೆಯ ನೆಲ, ಗಾಜಿನ ತೂಗುದೀಪಗಳು, ಚಿನ್ನದ ಬಣ್ಣದ ಚೌಕಟ್ಟಿನ ದೊಡ್ಡ ಕನ್ನಡಿಗಳು. ನಡುನಡುವೆ ಮಕಾವ್ ಮೂಲಕ ಬಂದ ಚೀನಾದ ಪಿಂಗಾಣಿ. ಕುರ್ಚಿ ಮೇಜುಗಳ ಆಕಾರ ಫ್ರಾನ್ಸ್, ಪೋರ್ಚುಗಲ್, ಇಂಗ್ಲೆಂಡಿನ ಶ್ರೀಮಂತ ಮನೆಗಳದ್ದು. ಬಾಗಿದ ಕಾಲು, ಬಳ್ಳಿಯ ಕೆತ್ತನೆ, ಬೆತ್ತದ ಹೆಣಿಗೆ. ಗೋವಾದ ಬಡಗಿಗಳು ಪರದೇಶದ ನಮೂನೆಯನ್ನು ಮುಂದಿಟ್ಟುಕೊಂಡು ಬೀಟೆ ಮರದಲ್ಲಿ ಕೆತ್ತಿದ ಇಂಥ ಸಾಮಾನು ಇಲ್ಲಿನ ಹಳೆಯ ಮನೆಗಳ ಹೆಮ್ಮೆ. ನೋಡುತ್ತ ಹೋದರೆ ಎಲೆಯ ಸುರುಳಿಯಲ್ಲಿ, ಹೂವಿನ ಎಸಳಿನಲ್ಲಿ ನಮ್ಮ ಗುಡಿಗಳ ಬಾಗಿಲುವಾಡದ ಕೈ ಕಾಣುತ್ತದೆ. ಗೋವಾದ ಹಳೆಯ ಕಿಟಕಿಗಳಲ್ಲಿ ಗಾಜು ಇರಲಿಲ್ಲ. ತೆಳುವಾದ ಕಡಲ ಚಿಪ್ಪನ್ನು ಚೌಕವಾಗಿ ಕತ್ತರಿಸಿ ಮರದ ಪಟ್ಟಿಗಳ ನಡುವೆ ಸೇರಿಸುತ್ತಿದ್ದರು. ಮಧ್ಯಾಹ್ನದ ಬಿಸಿಲು ಅದರೊಳಗಿಂದ ಹಾಲಿನ ಬಣ್ಣಕ್ಕೆ ತಿರುಗಿ ಕೋಣೆಗೆ ಇಳಿಯುತ್ತದೆ. ಒಂದೇ ಕೋಣೆಯಲ್ಲಿ ನಾಲ್ಕು ದೇಶಗಳ ವಸ್ತುಗಳನ್ನು ಜಗಳವಿಲ್ಲದಂತೆ ಕೂರಿಸುವ ಈ ಕಲೆಗೆ ಇಂದು ಒಳಾಂಗಣ ವಿನ್ಯಾಸ ಎಂಬ ಹೆಸರಿದೆ. ಅಂದು ಅದನ್ನು ಮಾಡಿದವರು ಮನೆಯ ಹಿರಿಯರು ಮತ್ತು ಹೆಸರು ಉಳಿಯದ ಬಡಗಿಗಳು, ಗಾರೆ ಕೆಲಸದವರು.

ಈ ವೈಭವ ಬಂದದ್ದು ಭೂಮಿಯಿಂದ. ಬ್ರಗಾಂಜಾ ಎಂಬುದು ಪೋರ್ಚುಗಲ್ ರಾಜಮನೆತನದ ಹೆಸರು. ಚಾಂದೋರಿನ ಕುಟುಂಬ ಆಳುವವರಿಗೆ ಹತ್ತಿರವಾಗಿದ್ದು ಆ ಹೆಸರನ್ನು ಪಡೆದಿತ್ತು. ಗದ್ದೆ, ತೆಂಗಿನ ತೋಟ, ಒಕ್ಕಲುಗಳು, ಆಳುಕಾಳುಗಳು ಎಲ್ಲವೂ ಇದ್ದವು. ಇಂಥ ಮನೆಯಲ್ಲಿ 1878ರ ಜನವರಿ 15ರಂದು ಲೂಯಿಸ್ ಹುಟ್ಟಿದರು. ಸುಮ್ಮನಿದ್ದಿದ್ದರೆ ಬಾಳೆಲ್ಲ ಸುಖವಾಗಿ ಕಳೆಯುತ್ತಿತ್ತು.

ಅವರ ಓದು ರಾಚೋಲಿನ ಸೆಮಿನರಿಯಲ್ಲಿ ಆರಂಭವಾಗಿ, ಆಗ ನೋವಾ ಗೋವಾ ಎನಿಸಿಕೊಂಡಿದ್ದ ಪಣಜಿಯ ಲೈಸಿಯಂನಲ್ಲಿ ಮುಂದುವರಿಯಿತು. ಪಾಠಕ್ಕಿಂತ ಹೆಚ್ಚಾಗಿ ಅವರನ್ನು ಬೆಳೆಸಿದ್ದು ಪುಸ್ತಕಗಳು. ಪೋರ್ಚುಗೀಸ್, ಫ್ರೆಂಚ್, ಇಂಗ್ಲಿಷ್ ಪುಸ್ತಕಗಳನ್ನು ತರಿಸಿ ತರಿಸಿ ಮನೆಯಲ್ಲೇ ಸುಮಾರು 5000 ಗ್ರಂಥಗಳ ಭಂಡಾರ ಕಟ್ಟಿದರು. ಫ್ರಾನ್ಸಿನ ಕ್ರಾಂತಿ ಹರಡಿದ ಸಮಾನತೆಯ ವಿಚಾರ, ಧರ್ಮದ ಹೆಸರಿನ ಅಧಿಕಾರವನ್ನು ಪ್ರಶ್ನಿಸುವ ಧೈರ್ಯ, ಪ್ರಜೆಗಳೇ ಆಳಬೇಕೆಂಬ ನಂಬಿಕೆ ಅವರಲ್ಲಿ ಬೇರೂರಿದವು. ಮನೆಯ ಪೂರ್ವ ಭಾಗ ಇನ್ನೊಂದು ಕವಲಿನವರದು. ಅಲ್ಲಿನ ಪ್ರಾರ್ಥನಾ ಕೋಣೆಯಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಉಗುರು ಎಂದು ಪೂಜಿಸುವ ಅವಶೇಷವಿದೆ. ಪಶ್ಚಿಮ ಭಾಗದಲ್ಲಿ ಪಾದ್ರಿಗಳ ಅಧಿಕಾರವನ್ನು ಒಪ್ಪದ ಒಬ್ಬ ಸ್ವತಂತ್ರ ವಿಚಾರಿಯ ಪುಸ್ತಕ ಕೋಣೆ. ಎರಡೂ ಒಂದೇ ಸೂರಿನ ಕೆಳಗೆ ಇದ್ದವು.

1900ರಲ್ಲಿ ಮೆಸಿಯಾಸ್ ಗೋಮ್ಸ್ ಅವರ ಜೊತೆ ಸೇರಿ ಲೂಯಿಸ್ 'ಓ ಹೆರಾಲ್ದೊ' ಪತ್ರಿಕೆಯನ್ನು ಆರಂಭಿಸಿದರು. ಆಗ ಅವರಿಗೆ 22 ವರ್ಷ. ಅದು ಗೋವಾದ ಮೊದಲ ದಿನಪತ್ರಿಕೆ. 1983ರಲ್ಲಿ ಇಂಗ್ಲಿಷಿಗೆ ತಿರುಗಿ ಇಂದಿಗೂ ನಡೆಯುತ್ತಿದೆ. ದಿನವೂ ಅಚ್ಚಾಗುವ ಹಾಳೆಯಲ್ಲಿ ಸರ್ಕಾರವನ್ನು, ಇಗರ್ಜಿಯನ್ನು, ತಮ್ಮದೇ ಭೂಮಾಲೀಕ ವರ್ಗವನ್ನು ಟೀಕಿಸುವ ಬರಹ ಬಂದಾಗ ಅಂದಿನ ಗೋವಾ ಬೆಚ್ಚಿತು.

1910ರ ಅಕ್ಟೋಬರಿನಲ್ಲಿ ಲಿಸ್ಬನ್‌ನಲ್ಲಿ ರಾಜಪ್ರಭುತ್ವ ಉರುಳಿತು. ಗದ್ದುಗೆ ಕಳೆದುಕೊಂಡ ಮನೆತನ ಬ್ರಗಾಂಜಾ. ಅದೇ ಹೆಸರು ಹೊತ್ತ ಚಾಂದೋರಿನ ಬ್ರಗಾಂಜಾ ಗಣರಾಜ್ಯವನ್ನು ಮನಸಾರೆ ಸ್ವಾಗತಿಸಿದರು. ಅದಕ್ಕೆ ಕಾರಣವಿತ್ತು. ಅಲ್ಲಿಯವರೆಗೆ ಕ್ಯಾಥೊಲಿಕ್ ಧರ್ಮವೇ ರಾಜ್ಯದ ಧರ್ಮ. ಗೋವಾದ ಹಿಂದೂಗಳು ಸರ್ಕಾರಿ ಕೆಲಸ, ಶಿಕ್ಷಣ, ಸಾರ್ವಜನಿಕ ಬದುಕಿನಲ್ಲಿ ಹಿಂದೆ ಉಳಿದಿದ್ದರು. ಗಣರಾಜ್ಯ ಇಗರ್ಜಿಯನ್ನೂ ಸರ್ಕಾರವನ್ನೂ ಬೇರೆ ಮಾಡಿ ಎಲ್ಲರಿಗೂ ಸಮಾನ ಹಕ್ಕು ಎಂದಿತು. 1911ರಲ್ಲಿ ಲೂಯಿಸ್ 'ಓ ದೆಬಾತ್' ಎಂಬ ವಾರಪತ್ರಿಕೆ ತೆಗೆದು, ಈ ಸಮಾನತೆ ಕಾಗದದಲ್ಲಿ ಉಳಿಯದೆ ನೆಲಕ್ಕೆ ಇಳಿಯಬೇಕೆಂದು ಬರೆದರು. ಹುಟ್ಟಿನಿಂದ ಕ್ಯಾಥೊಲಿಕ್ ಆದ, ದೊಡ್ಡ ಮನೆಯ ಒಡೆಯ ಹಿಂದೂ ನೆರೆಯವರ ಹಕ್ಕಿಗಾಗಿ ವಾದಿಸಿದ್ದನ್ನು ಗೋವಾದ ಹಿಂದೂ ಸಮಾಜ ಮರೆಯಲಿಲ್ಲ.

ಆದರೆ ಆ ಬೆಳಕು ಹೆಚ್ಚು ಕಾಲ ಉಳಿಯಲಿಲ್ಲ. 1926ರಲ್ಲಿ ಪೋರ್ಚುಗಲ್‌ನಲ್ಲಿ ಸೈನ್ಯ ಅಧಿಕಾರ ಹಿಡಿಯಿತು. 1928ರಲ್ಲಿ ಸಲಝಾರ್ ಹಣಕಾಸು ಮಂತ್ರಿಯಾಗಿ ಬಂದು ಮುಂದೆ ಸರ್ವಾಧಿಕಾರಿಯಾದರು. ಅದೇ 1928ರಲ್ಲಿ ಲೂಯಿಸ್ 'ಪ್ರಕಾಶ' ಎಂಬ ಪತ್ರಿಕೆ ಆರಂಭಿಸಿದರು. ಭಾಷೆ ಪೋರ್ಚುಗೀಸ್ ಆದರೂ ಹೆಸರು ನಮ್ಮ ನೆಲದ್ದು. ಸೆನ್ಸಾರ್ ಅಧಿಕಾರಿಯ ಕತ್ತರಿಯ ಕೆಳಗೇ ಅದು ಬದುಕಬೇಕಾಯಿತು. ಮರುವರ್ಷ, 1929ರಲ್ಲಿ, ಫಾದರ್ ಹೆರಾಸ್ ಎಂಬ ಇತಿಹಾಸಕಾರರು ಚಾಂದೋರಿನಲ್ಲಿ ಅಗೆತ ನಡೆಸಿ ಹಳೆಯ ಶಿವಾಲಯದ ತಳಪಾಯವನ್ನು ಹೊರತೆಗೆದರು. ತಲೆ ಮುರಿದ ನಂದಿ ಇಂದಿಗೂ ಅಲ್ಲಿದೆ. ತಮ್ಮ ಊರಿನ ಮಣ್ಣಿನ ಕೆಳಗೆ ಲಿಸ್ಬನ್ನಿಗಿಂತ ಬೇರೆಯಾದ ಒಂದು ಚರಿತ್ರೆ ಇದೆ ಎಂಬುದು ಆ ಕಾಲದವರ ಕಣ್ಣಿಗೇ ಬಿತ್ತು.

1930ರಲ್ಲಿ ವಸಾಹತು ಕಾಯ್ದೆ ಬಂತು. ಸಾಗರದಾಚೆಯ ನಾಡುಗಳನ್ನು ಹಿಡಿದಿಟ್ಟುಕೊಂಡು ಅಲ್ಲಿನ ಜನರನ್ನು ನಾಗರಿಕರನ್ನಾಗಿ ಮಾಡುವುದು ಪೋರ್ಚುಗೀಸ್ ರಾಷ್ಟ್ರದ ಸಹಜ ಕರ್ತವ್ಯ ಎಂಬುದು ಅದರ ತಿರುಳು. ಗೋವಾದವರು ಸಮಾನ ಪ್ರಜೆಗಳು ಎಂದು ಗಣರಾಜ್ಯ ಹೇಳಿದ್ದ ಮಾತು ಇದರೊಂದಿಗೆ ಮಣ್ಣುಪಾಲಾಯಿತು. ಆ ಜುಲೈ ತಿಂಗಳಲ್ಲಿ ಪಣಜಿಯ ಶಾಸನ ಪರಿಷತ್ತಿನಲ್ಲಿ ಲೂಯಿಸ್ ಎದ್ದು ನಿಂತು ಠರಾವು ಮಂಡಿಸಿದರು. ಎಲ್ಲ ಜನಾಂಗಗಳಿಗೂ ತಮ್ಮತನವನ್ನು ಪೂರ್ಣವಾಗಿ ಬೆಳೆಸಿಕೊಂಡು ತಮ್ಮ ಭವಿಷ್ಯವನ್ನು ತಾವೇ ನಡೆಸುವ ಹಕ್ಕಿದೆ, ಆ ಹಕ್ಕನ್ನು ಪೋರ್ಚುಗೀಸ್ ಇಂಡಿಯಾ ಬಿಟ್ಟುಕೊಡುವುದಿಲ್ಲ ಎಂಬುದು ಅದರ ಸಾರ. ಸರ್ಕಾರದ್ದೇ ಸಭೆಯಲ್ಲಿ, ಸರ್ಕಾರದ್ದೇ ಭಾಷೆಯಲ್ಲಿ ಸ್ವಯಂನಿರ್ಣಯದ ಹಕ್ಕನ್ನು ಎತ್ತಿ ಹಿಡಿದ ಘಟನೆ ಇದು. ಕಾಯ್ದೆ ಮಾತ್ರ ನಿಲ್ಲಲಿಲ್ಲ. 1933ರ ಸಂವಿಧಾನದಲ್ಲಿ ಅದೂ ಸೇರಿಕೊಂಡಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಲೂಯಿಸ್ ಬರೆದದ್ದೆಲ್ಲ ಪೋರ್ಚುಗೀಸಿನಲ್ಲಿ. ಗದ್ದೆಯಲ್ಲಿ ದುಡಿಯುವ ಗೋವನ್ನರ ಮಾತು ಕೊಂಕಣಿ, ಅವರಲ್ಲಿ ಓದು ಬಂದವರೂ ಕಡಿಮೆ. ಆದ್ದರಿಂದ ಅವರ ಬರಹ ತಲುಪಿದ್ದು ಓದುಬಲ್ಲ ಕೆಲವೇ ಮನೆಗಳನ್ನು. ಭಾಷೆಯ ಗಡಿಯಲ್ಲಿ ಬದುಕುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಆದರೂ ಲಿಸ್ಬನ್ನಿನಲ್ಲಿ ಕುಳಿತವರು ಅನುವಾದಕರಿಲ್ಲದೆ ನೇರವಾಗಿ ಓದಬಲ್ಲ ವಿರೋಧ ಅದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

1938ರ ಜುಲೈ 10ರಂದು, 60ನೇ ವಯಸ್ಸಿನಲ್ಲಿ, ಲೂಯಿಸ್ ತೀರಿಕೊಂಡರು. ಅವರು ಸ್ವಾತಂತ್ರ್ಯವನ್ನು ಕಾಣಲಿಲ್ಲ. ಕೆಲಸ ಮಾತ್ರ ಮನೆಯವರ ಕೈಯಲ್ಲಿ ಮುಂದುವರಿಯಿತು. ಮಗಳು ಬರ್ತಾ ಪತ್ರಕರ್ತೆಯಾಗಿ 1946ರ ಚಳವಳಿಗೆ ಇಳಿದರು. ಬರ್ತಾ ಅವರ ಸೋದರಮಾವ ತ್ರಿಸ್ತಾವ್ ಬ್ರಗಾಂಜಾ ಕುನ್ಹಾ ಕೂಡ ಚಾಂದೋರಿನಲ್ಲೇ ಹುಟ್ಟಿದವರು. ಪಾಂಡಿಚೇರಿ ಮತ್ತು ಪ್ಯಾರಿಸ್‌ನಲ್ಲಿ ಓದಿ ಬಂದು 1928ರಲ್ಲಿ ಗೋವಾ ಕಾಂಗ್ರೆಸ್ ಸಮಿತಿ ಕಟ್ಟಿದರು. 1946ರ ಜೂನ್ 18ರಂದು ಮಡಗಾಂವದಲ್ಲಿ ರಾಮಮನೋಹರ ಲೋಹಿಯಾ ಕಾನೂನು ಮುರಿದ ಮೇಲೆ ನಡೆದ ದಸ್ತಗಿರಿಯಲ್ಲಿ ಕುನ್ಹಾ ಸಿಕ್ಕಿ, ಸೈನಿಕ ನ್ಯಾಯಾಲಯದಿಂದ ಎಂಟು ವರ್ಷದ ಶಿಕ್ಷೆ ಪಡೆದು ಪೋರ್ಚುಗಲ್ಲಿನ ಪೆನಿಷ್ ಕೋಟೆಯ ಸೆರೆಗೆ ಹೋದರು.

ಇಂಥ ಕುಟುಂಬಕ್ಕೆ ಚಾಂದೋರಿನಲ್ಲಿ ಇರುವುದು ಕಷ್ಟವಾಯಿತು. 1950ರ ಹೊತ್ತಿಗೆ ಮನೆಯವರು ಗೋವಾ ಬಿಟ್ಟರು. 1955ರಲ್ಲಿ ಸತ್ಯಾಗ್ರಹಿಗಳು ನಮ್ಮ ಬೆಳಗಾವಿ, ಕಾರವಾರ ಗಡಿಗಳಿಂದ ಒಳಹೋಗಿ ಗುಂಡೇಟು ತಿಂದರು. ಕ್ಯಾಸಲ್‌ರಾಕ್‌ನಿಂದ ಕೆಳಗಿಳಿಯುವ ರೈಲು ನಿಂತಿತು. ಆ ವರ್ಷಗಳಲ್ಲೆಲ್ಲ ಚಾಂದೋರಿನ ಕೋಣೆಗಳಲ್ಲಿ ತೂಗುದೀಪ, ಪಿಂಗಾಣಿ, ಬೀಟೆ ಕುರ್ಚಿ, ಪುಸ್ತಕಗಳು ಯಜಮಾನರಿಲ್ಲದೆ ಇದ್ದವು. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾದ ಮೇಲೆ ಮನೆಯವರು ಮರಳಿ ಬಂದಾಗ ಬಹುಪಾಲು ಇಟ್ಟಲ್ಲೇ ಇತ್ತು.

ಪಣಜಿಯಲ್ಲಿ 1871ರಿಂದ ವಾಸ್ಕೋ ದ ಗಾಮಾ ಹೆಸರಿನಲ್ಲಿದ್ದ ಸಂಸ್ಥೆಗೆ 1963ರಲ್ಲಿ ಮೆನೆಜಿಸ್ ಬ್ರಗಾಂಜಾ ಸಂಸ್ಥೆ ಎಂದು ಹೆಸರಿಟ್ಟರು. ಅದರ ಬಾಗಿಲಲ್ಲಿ 1935ರಲ್ಲಿ ಜೋರ್ಜ್ ಕೊಲಾಸೊ ಮಾಡಿದ ನೀಲಿ ಹೆಂಚುಗಳ ಚಿತ್ರಗಳು ಪೋರ್ಚುಗೀಸ್ ನಾವಿಕರ ಸಾಹಸವನ್ನು ತೋರಿಸುತ್ತವೆ. ಚಿತ್ರಗಳನ್ನು ಯಾರೂ ಕಿತ್ತು ಹಾಕಲಿಲ್ಲ, ಬಾಗಿಲ ಮೇಲಿನ ಹೆಸರು ಮಾತ್ರ ಬದಲಾಯಿತು.

ಬಿಡುಗಡೆಯ ನಂತರ ಒಕ್ಕಲು ಕಾಯ್ದೆ ಬಂದು ದೊಡ್ಡ ಮನೆಗಳ ಭೂಮಿ ಉಳುವವರ ಕೈಗೆ ಹೋಯಿತು. ಹೋಗಬೇಕಾದದ್ದೇ. ಆದರೆ ಹೆಂಚು ಸೋರಿದಾಗ, ಗೆದ್ದಲು ಹಿಡಿದಾಗ ಸರಿಮಾಡಿಸಲು ಗದ್ದೆಯ ಆದಾಯ ಈಗಿಲ್ಲ. ನೋಡಲು ಬಂದವರು ಕೊಡುವ ಕಾಣಿಕೆ ದುರಸ್ತಿಗೆ ಆಸರೆಯಾಗಿದೆ. ಗೋವಾದ ಮಳೆ ಏನು ಮಾಡುತ್ತದೆ ಎಂಬುದು ನಮ್ಮ ವಾಸ್ಕೋ, ಮಡಗಾಂವದ ಸದಸ್ಯರಿಗೆ ಗೊತ್ತೇ ಇದೆ.

ಚಾಂದೋರ್ ಮಡಗಾಂವದಿಂದ ಪೂರ್ವಕ್ಕೆ ಸುಮಾರು 13 ಕಿಲೋಮೀಟರ್. ಹೋದರೆ ಎರಡು ಭಾಗಗಳನ್ನೂ ನೋಡಿ. ಎರಡೂ ಕಡೆ ಬೇರೆ ಬೇರೆ ಕಾಣಿಕೆ ಹಾಕಿ, ಏಕೆಂದರೆ ಕುಟುಂಬಗಳು ಬೇರೆ. ಮಕ್ಕಳನ್ನು ಕರೆದೊಯ್ದರೆ ಮೊದಲು ಕದಂಬರ ನಂದಿಯನ್ನು ತೋರಿಸಿ, ಆಮೇಲೆ ನಾಟ್ಯಶಾಲೆ. ಪುಸ್ತಕದ ಕೋಣೆಗೆ ಮಾತ್ರ ಹೆಚ್ಚು ಹೊತ್ತು ಇಟ್ಟುಕೊಳ್ಳಿ.