ಗುರುಮಾತೆ ಆನ್ ಸಲಿವಾನ್

ಶೈಶವದಲ್ಲಿಯೇ ದೃಷ್ಟಿ ಶ್ರವಣಗಳೆರಡನ್ನೂ ಕಳೆದುಕೊಂಡು, ಮುಂದೆ ಪದವೀಧರೆಯಾಗಿ, ಗ್ರಂಥಕರ್ತೆಯಾಗಿ ಲೋಕಮಾನ್ಯರಾದ ಹೆಲೆನ್ ಕೆಲರ್ ಅವರ ಹೆಸರನ್ನು ಕೇಳದ ಉಪಾಧ್ಯಾಯರು ವಿರಳ. 1955ರಲ್ಲಿ ಅವರು ಭಾರತಕ್ಕೂ ಬಂದಿದ್ದರು. ಆದರೆ ಅವರ ಅಂಗೈಯಲ್ಲಿ ಮೊದಲ ಅಕ್ಷರವನ್ನು ಮೂಡಿಸಿದ ಗುರುವಿನ ಹೆಸರು ಬಹುಮಟ್ಟಿಗೆ ಶಿಷ್ಯೆಯ ಕೀರ್ತಿಯ ನೆರಳಿನಲ್ಲಿಯೇ ಉಳಿದಿದೆ. ಆ ಗುರುವಿನ ಬಾಲ್ಯವಂತೂ ಸ್ವತಃ ಶಿಷ್ಯೆಗೇ ನಲವತ್ತು ವರ್ಷಗಳಿಗೂ ಮಿಗಿಲಾಗಿ ತಿಳಿಯದಿದ್ದ ಸಂಗತಿ.

ಆನ್ ಸಲಿವಾನ್ ಜನಿಸಿದ್ದು 1866ರ ಏಪ್ರಿಲ್ 14ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಫೀಡಿಂಗ್ ಹಿಲ್ಸ್ ಎಂಬ ಊರಿನಲ್ಲಿ. ತಂದೆತಾಯಿಗಳು ಬದುಕನ್ನರಸಿ ಐರ್ಲೆಂಡಿನಿಂದ ವಲಸೆ ಬಂದ ಬಡವರು. ಐದನೆಯ ವಯಸ್ಸಿನ ಸುಮಾರಿಗೆ ಟ್ರಕೋಮಾ ಎಂಬ ನೇತ್ರರೋಗ ತಗುಲಿ ಮಗುವಿನ ದೃಷ್ಟಿ ಮಂಕಾಯಿತು. ತಾಯಿ ಕ್ಷಯರೋಗಿ, ತಂದೆ ಮದ್ಯವ್ಯಸನಿ. ಕುಡಿದು ಬಂದ ತಂದೆಯ ಕೈಯ ಪೆಟ್ಟು ಆ ಮಗುವಿಗೆ ನಿತ್ಯದ ಅನುಭವವಾಯಿತು. ಎಂಟನೆಯ ವಯಸ್ಸಿನಲ್ಲಿ ತಾಯಿ ಗತಿಸಿದಳು. ಸ್ವಲ್ಪ ಕಾಲದಲ್ಲಿ ತಂದೆಯೂ ಮಕ್ಕಳನ್ನು ತೊರೆದನು. ಚಿಕ್ಕ ತಂಗಿಯನ್ನು ಬಂಧುಗಳು ಇಟ್ಟುಕೊಂಡರು. ಕಣ್ಣು ಕಾಣದ ಆನ್ ಮತ್ತು ಸೊಂಟದ ಕ್ಷಯದಿಂದ ಕುಂಟುತ್ತಿದ್ದ ತಮ್ಮ ಜಿಮ್ಮಿ ಯಾರಿಗೂ ಬೇಡವಾದರು. 1876ರ ಫೆಬ್ರವರಿ 22ರಂದು ಅವರಿಬ್ಬರನ್ನೂ ಟ್ಯೂಕ್ಸ್‌ಬರಿಯ ಸರ್ಕಾರಿ ಅನಾಥಾಲಯಕ್ಕೆ ಸೇರಿಸಲಾಯಿತು.

ಅದು ಮಕ್ಕಳಿಗಾಗಿ ಕಟ್ಟಿದ ಸ್ಥಳವಲ್ಲ. ವೃದ್ಧರು, ರೋಗಿಗಳು, ಬುದ್ಧಿಭ್ರಮಣೆಯಾದವರು, ಪರಿತ್ಯಕ್ತ ಸ್ತ್ರೀಯರು, ಎಲ್ಲರೂ ಅಲ್ಲಿಯೇ. ಬಂದ ದಿನವೇ ಹುಡುಗನನ್ನು ಗಂಡಸರ ವಿಭಾಗಕ್ಕೆ ಒಯ್ಯಲು ಹೊರಟಾಗ ಆನ್ ಗೋಳಿಟ್ಟು ತಡೆದಳು. ಅಧಿಕಾರಿಗಳು ಮಣಿದು ಇಬ್ಬರನ್ನೂ ಸ್ತ್ರೀಯರ ವಿಭಾಗದಲ್ಲಿಯೇ ಇರಿಸಿದರು. ಶವಗಳನ್ನಿರಿಸುವ ಕೋಣೆಯ ಪಕ್ಕವೇ ಅವರ ಆಟದ ಅಂಗಳವಾಯಿತು. ಕೆಲವೇ ತಿಂಗಳಲ್ಲಿ, ಒಂದು ರಾತ್ರಿ ಎಚ್ಚೆತ್ತ ಆನ್ ಕೈಚಾಚಿ ತಡವಿದಾಗ ತಮ್ಮನ ಹಾಸಿಗೆ ಅಲ್ಲಿರಲಿಲ್ಲ. ಕತ್ತಲಲ್ಲಿ ತಡಕಾಡುತ್ತ ಶವದ ಕೋಣೆಗೆ ಹೋಗಿ, ಅಲ್ಲಿ ಜಿಮ್ಮಿಯ ತಣ್ಣನೆಯ ದೇಹವನ್ನು ಬೆರಳುಗಳಿಂದ ಗುರುತಿಸಿದಳು. ಆಗ ಅವಳಿಗೆ ಹತ್ತು ವರ್ಷ.

ಕಷ್ಟವೇ ಇಂಥವರನ್ನು ದೊಡ್ಡವರನ್ನಾಗಿಸುತ್ತದೆಂದು ಹೇಳುವ ರೂಢಿ ನಮ್ಮಲ್ಲುಂಟು. ಆ ಮಾತು ಸುಲಭ, ಆದರೆ ಸತ್ಯವಲ್ಲ. ಅದೇ ಕಷ್ಟ, ಅದೇ ಛಾವಣಿಯ ಕೆಳಗೆ, ಜಿಮ್ಮಿಯನ್ನು ಕೊಂದಿತು. ಆನ್ ಉಳಿದುದಕ್ಕೆ ಕಾರಣಗಳು ಬೇರೆ. ಅವು ಹೆಚ್ಚಾಗಿ ಮನುಷ್ಯರ ರೂಪದಲ್ಲಿ ಬಂದವು. ಆಲಯದ ನಿವಾಸಿಯೊಬ್ಬಳು ಅವಳಿಗೆ ಪುಸ್ತಕಗಳನ್ನು ಓದಿ ಹೇಳಿದಳು. ಅಂಧರಿಗೂ ಶಾಲೆಯುಂಟೆಂಬ ಸುದ್ದಿಯೂ ಅಲ್ಲಿಯೇ ಕಿವಿಗೆ ಬಿತ್ತು. ಅಶನವಿತ್ತು ಅಕ್ಷರವಿಲ್ಲದಿದ್ದ ಆ ಆಲಯದಲ್ಲಿ ನಾಲ್ಕು ವರ್ಷ ಕಳೆದವು. 1880ರಲ್ಲಿ ಸಂಸ್ಥಾನದ ಧರ್ಮಸಂಸ್ಥೆಗಳ ಪರಿವೀಕ್ಷಕರಾದ ಫ್ರಾಂಕ್ ಸ್ಯಾನ್‌ಬಾರ್ನ್ ಅಲ್ಲಿಗೆ ಬಂದರು. ಅವರ ಮುಖ ಕಾಣದ ಆನ್ ಕೋಣೆಯಿಂದ ಕೋಣೆಗೆ ಆ ಗುಂಪನ್ನು ಹಿಂಬಾಲಿಸಿ, ಕಡೆಗೆ ನಡುವೆ ನುಗ್ಗಿ, ತನಗೆ ಶಾಲೆಗೆ ಹೋಗಬೇಕೆಂದು ಕೂಗಿಕೊಂಡಳು. ಆ ಕೂಗು ಫಲಿಸಿತು. (ಆ ಆಲಯದ ದುರವಸ್ಥೆಯ ಬಗೆಗೆ ಗವರ್ನರ್ ಬೆಂಜಮಿನ್ ಬಟ್ಲರ್ ಬಹಿರಂಗ ವಿಚಾರಣೆಯನ್ನೆತ್ತಿಸಿದ್ದು ತರುವಾಯ, 1883ರಲ್ಲಿ.)

ಅದೇ ಅಕ್ಟೋಬರಿನಲ್ಲಿ ಬಾಸ್ಟನ್ನಿನ ಪರ್ಕಿನ್ಸ್ ಅಂಧಶಾಲೆಯನ್ನು ಸೇರಿದಾಗ ಆನ್‌ಗೆ ಹದಿನಾಲ್ಕು ವರ್ಷ. ತನ್ನ ಹೆಸರನ್ನು ಬರೆಯಲೂ ಬರುತ್ತಿರಲಿಲ್ಲ. ಅನುಕೂಲಸ್ಥರ ಮನೆಯ ಹುಡುಗಿಯರು ನಕ್ಕರು. ಆನ್ ಸಾಧುವಾಗಿಯೂ ಇರಲಿಲ್ಲ: ಮುಂಗೋಪಿ, ಎದುರುತ್ತರ ಕೊಡುವವಳು, ನಿಯಮ ಮುರಿಯುವವಳು. ಅವಳನ್ನು ಶಾಲೆಯಿಂದ ಹೊರಹಾಕುವ ಮಾತೂ ಬಂದಿತು. ಪೆಟ್ಟು ತಿಂದ ಮಗು ವಿನಯದಿಂದ ಕೈಕಟ್ಟಿ ನಿಲ್ಲಬೇಕೆಂದು ನಿರೀಕ್ಷಿಸುವುದು ಉಪಾಧ್ಯಾಯ ವೃತ್ತಿಯ ಹಳೆಯ ದೋಷ. ಪುಣ್ಯವಶಾತ್ ಅಲ್ಲಿ ಕೆಲವರಿಗೆ ಆ ದೋಷವಿರಲಿಲ್ಲ. ಮೇರಿ ಮೂರ್ ಎಂಬ ಅಧ್ಯಾಪಿಕೆ ಅವಳ ಮೊನಚು ಮಾತುಗಳನ್ನು ಸಹಿಸಿ, ಷೇಕ್ಸ್‌ಪಿಯರನ ರುಚಿ ಹತ್ತಿಸಿದರು. ರಜೆಯಲ್ಲಿ ಹೋಗಲು ಮನೆಯಿಲ್ಲದ ಅವಳನ್ನು ನಿಲಯದ ಮೇಲ್ವಿಚಾರಕಿ ಹಾಪ್ಕಿನ್ಸ್ ತಮ್ಮ ಮನೆಗೆ ಕರೆದೊಯ್ದರು. ಶಸ್ತ್ರಚಿಕಿತ್ಸೆಗಳ ಫಲವಾಗಿ ಅಚ್ಚಿನ ಅಕ್ಷರವನ್ನು ಓದುವಷ್ಟು ದೃಷ್ಟಿ ಮರಳಿತು. ಅಲ್ಲಿಯೇ ವಾಸಿಸುತ್ತಿದ್ದ, ಕಣ್ಣು ಕಿವಿಗಳಿಲ್ಲದ ಲಾರಾ ಬ್ರಿಜ್‌ಮನ್ ಅವರೊಡನೆ ಮಾತನಾಡಲೆಂದು ಆನ್ ಬೆರಳಕ್ಷರವನ್ನು ಕಲಿತಳು. 1886ರಲ್ಲಿ ಅವಳು ತರಗತಿಗೇ ಅಗ್ರಗಣ್ಯಳಾಗಿ ತೇರ್ಗಡೆಯಾದಳು.

1887ರ ಮಾರ್ಚ್ 3ರಂದು ಅಲಬಾಮಾದ ಟಸ್ಕಂಬಿಯಾದಲ್ಲಿ ಕೆಲರ್ ಅವರ ಮನೆಯ ಮೆಟ್ಟಿಲೇರಿದಾಗ ಆನ್ ಅವರಿಗೆ ಇಪ್ಪತ್ತು ವರ್ಷ, ಶಿಷ್ಯೆಗೆ ಇನ್ನೂ ಏಳು ತುಂಬಿರಲಿಲ್ಲ. ಒದೆಯುವ, ಚಿವುಟುವ, ಎಲ್ಲರ ತಟ್ಟೆಗೂ ಕೈಹಾಕುವ ಆ ಹುಡುಗಿಯನ್ನು ಮನೆಯವರು ಕನಿಕರದಿಂದ ಸಹಿಸುತ್ತಿದ್ದರು. ಆನ್ ಕನಿಕರಿಸಲಿಲ್ಲ. ಆ ರೋಷ ದುಷ್ಟತನವಲ್ಲ, ಹೊರಬರಲು ದಾರಿ ಕಾಣದ ಬುದ್ಧಿಯ ಹೊಡೆದಾಟವೆಂಬುದು ಅವರಿಗೆ ತಿಳಿಯಿತು. ತಿಳಿಯದಿರಲು ಅವರೂ ಅಂಥ ಮಗುವಾಗಿದ್ದವರಲ್ಲವೇ? ಮೊದಲ ವಾರಗಳಲ್ಲಿ ಊಟದ ಮೇಜಿನ ಬಳಿ ಬಲಪ್ರಯೋಗವೂ ನಡೆಯಿತು. ಇಂದಿನ ಶಿಕ್ಷಣಶಾಸ್ತ್ರ ಅದನ್ನು ಒಪ್ಪಲಾರದು. ಏಪ್ರಿಲ್ 5ರಂದು ನೀರಿನ ಪಂಪಿನ ಕೆಳಗೆ ಒಂದು ಕೈಯ ಮೇಲೆ ನೀರು ಹರಿಯುತ್ತಿದ್ದಾಗ ಮತ್ತೊಂದು ಅಂಗೈಯಲ್ಲಿ ಮೂಡಿದ ಸಂಜ್ಞೆ ಅದರ ಹೆಸರೆಂದು ಹೆಲೆನ್‌ಗೆ ಹೊಳೆದ ಕಥೆ ಸುಪ್ರಸಿದ್ಧ. ಅದರ ನಂತರದ ನಿರ್ಧಾರ ಅಷ್ಟು ಪ್ರಸಿದ್ಧವಲ್ಲದಿದ್ದರೂ ಹೆಚ್ಚಿನದು. ಮಾತು ಕಲಿಯುತ್ತಿದ್ದ ಕೂಸೊಂದನ್ನು ಗಮನಿಸಿದ ಆನ್ ಗೊತ್ತುಪಡಿಸಿದ ಪಾಠಗಳನ್ನು ಕೈಬಿಟ್ಟು, ತಾಯಿ ಕೂಸಿನ ಕಿವಿಯಲ್ಲಿ ನುಡಿಯುವಂತೆ, ಹೆಲೆನ್‌ಳ ಅಂಗೈಯಲ್ಲಿ ದಿನವಿಡೀ ಪೂರ್ಣ ವಾಕ್ಯಗಳನ್ನೇ ನುಡಿಯತೊಡಗಿದರು. ರ‍್ಯಾಡ್‌ಕ್ಲಿಫ್ ಕಾಲೇಜಿನಲ್ಲಿಯೂ ಪಕ್ಕದಲ್ಲಿ ಕುಳಿತು ಉಪನ್ಯಾಸಗಳನ್ನೆಲ್ಲ ಅಂಗೈಗಿಳಿಸಿದರು. 1904ರಲ್ಲಿ ಪದವಿ ಬಂದದ್ದು ಹೆಲೆನ್ ಒಬ್ಬರಿಗೇ.

ಆದರೆ ಟ್ಯೂಕ್ಸ್‌ಬರಿಯ ಗಾಯ ಮಾಯಲಿಲ್ಲ. ಕೀರ್ತಿ ಬಂದ ಮೇಲೂ ವಿಷಣ್ಣತೆ ಆಗಾಗ ಕವಿಯುತ್ತಿತ್ತು. 1905ರಲ್ಲಿ ಜಾನ್ ಮೇಸಿ ಅವರೊಡನೆ ಆದ ವಿವಾಹವೂ ಕೆಲವು ವರ್ಷಗಳಲ್ಲಿ ಮುರಿಯಿತು. ಅನಾಥಾಲಯದ ದಿನಗಳನ್ನು ಅಪಮಾನವೆಂದೇ ಬಗೆದು ಅವರು ಮುಚ್ಚಿಟ್ಟಿದ್ದರು. ಅಪಮಾನ ಹೊಡೆದ ತಂದೆಯದು, ಕೈಬಿಟ್ಟ ಬಂಧುಗಳದು. ಹೊತ್ತದ್ದು ಮಾತ್ರ ಮಗು. 1930ರಲ್ಲಿ, ತಮ್ಮ ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ಮೊದಲ ಬಾರಿಗೆ ಹೆಲೆನ್ ಅವರಿಗೆ ಎಲ್ಲವನ್ನೂ ಹೇಳಿದರು: ತಂದೆಯನ್ನು, ಶವದ ಕೋಣೆಯನ್ನು, ಜಿಮ್ಮಿಯನ್ನು. ಅದೂ ಬೆರಳುಗಳಿಂದ ಅಂಗೈಗೇ ಹೇಳಿದ್ದು. ಮೂರು ವರ್ಷಗಳ ಬಳಿಕ ನೆಲ್ಲಾ ಬ್ರಾಡಿ ಬರೆದ ಜೀವನಚರಿತ್ರೆಯಿಂದ ಅದು ಲೋಕಕ್ಕೂ ತಿಳಿಯಿತು.

ಆ ವೇಳೆಗೆ ಆನ್ ಅವರ ಕಣ್ಣು ಮತ್ತೆ ಕತ್ತಲಾಗುತ್ತಿತ್ತು. 1936ರ ಅಕ್ಟೋಬರ್ 20ರಂದು ಅವರು ದೇಹಬಿಟ್ಟಾಗ ಅವರ ಕೈ ಹೆಲೆನ್ ಅವರ ಕೈಯಲ್ಲಿತ್ತು. ಚಿತಾಭಸ್ಮವನ್ನು ವಾಷಿಂಗ್ಟನ್ನಿನ ರಾಷ್ಟ್ರೀಯ ಕೆಥೆಡ್ರಲ್‌ನಲ್ಲಿ ಇರಿಸಲಾಯಿತು. 1968ರಲ್ಲಿ ಶಿಷ್ಯೆಯ ಭಸ್ಮವೂ ಅಲ್ಲಿಗೇ ಬಂದು ಸೇರಿತು.